ವಾರಿಜ ಟೀಚರ್ ಮತ್ತು ಅಪ್ಪನ ಕಡೆಯ ಖಾಲಿ ಜಾಗ

ಇಲ್ಲ… ನಂಬಲಿಕ್ಕೇ ಆಗುತ್ತಿಲ್ಲ.
ಮೊನ್ನೆ ಸಂಜೆಯಷ್ಟೇ ಹಾಸಿಗೆಯಿಂದಲೇ ವಾಟ್ಸ್ಆ್ಯಪ್‌ನಲ್ಲಿ ಬೈದಿದ್ದಳು. "ನಿನ್ನ ಟೆನ್ತ್ ಬಿ ಪೇಪರ್ ಇನ್ನೂ ಕರೆಕ್ಷನ್ ಆಗಿಲ್ವಾ?" ಅಂತ.
ಇವತ್ತು ಬೆಳಿಗ್ಗೆ ಏಳೂವರೆಗೆ ಅವಳ ಗಂಡನ ಫೋನು.
"ಟೀಚರ್… ವಾರಿಜ ಹೋದಳು."

ನಮ್ಮ ವಾರಿಜ ಟೀಚರ್.
ಮೂಡುಬಿದಿರೆಯ ನಮ್ಮ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಜೀವಶಾಸ್ತ್ರ ಕಲಿಸಿದವಳು. ನಾನು ಗಣಿತ. ಸ್ಟಾಫ್‌ರೂಮಿನಲ್ಲಿ ಪಕ್ಕಪಕ್ಕದ ಕುರ್ಚಿ.
ಅಂಡಾಶಯದ ಕ್ಯಾನ್ಸರ್. ಗೊತ್ತಾಗುವಾಗಲೇ ಮೂರನೇ ಹಂತ. ಎರಡು ವರ್ಷ ಹೋರಾಡಿದಳು…
ಹೋರಾಟ ಎಂದರೆ ಅವಳಿಗೆ ಸಿಟ್ಟು. "ಎಂತ ಹೋರಾಟ ಮಾರಾಯ್ತಿ, ಸೂಜಿ ಚುಚ್ಚುವುದು ಅವರು, ನಾನು ಸುಮ್ಮನೆ ಮಲಗುವುದು."

ಅಳುತ್ತಾ ಕೂರಲು ನನಗೆ ಇವತ್ತು ಪುರುಸೊತ್ತಿಲ್ಲ. ಒಂದು ವಿಷಯ ಹೇಳಲೇಬೇಕು.
ಅವಸರದಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ.

ಮಂಗಳೂರಿನ ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದು, ನಿಮ್ಮವರಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತಾ? ಮೂರು ತಲೆಮಾರಿನ ಚಾರ್ಟ್ ಬರೆದುಕೊಡಿ.
ಬರೆದಳು. ಅಮ್ಮ, ಅಮ್ಮನ ಅಕ್ಕತಂಗಿಯರು, ಅಜ್ಜಿ, ಅಜ್ಜಿಯ ತಂಗಿಯ ಮಕ್ಕಳು… ಹಾಳೆ ಸಾಲಲಿಲ್ಲ. ಯಾರಿಗೂ ಕ್ಯಾನ್ಸರ್ ಇಲ್ಲ.
ಅಪ್ಪನ ಕಡೆ?
"ಅಪ್ಪ: ಶುಗರ್." ಅಷ್ಟೇ. ಉಳಿದದ್ದು ಖಾಲಿ.

ನಮ್ಮಂಥ ತುಳು ಮನೆಗಳಲ್ಲಿ ಹಾಗೆಯೇ ಅಲ್ವಾ… ವಂಶ ಲೆಕ್ಕ ಹಿಡಿಯುವುದು ತಾಯಿಯಿಂದ. ಅಪ್ಪ ಹುಟ್ಟಿದ ಮನೆ ಎಂದರೆ ಬೇರೆಯವರ ಮನೆ.
ಅರ್ಧ ಜೀನು ಅಪ್ಪನದ್ದು ಎಂದು ಇಪ್ಪತ್ತು ವರ್ಷ ಬೋರ್ಡಿನಲ್ಲಿ ಬರೆದವಳು, ತನ್ನ ಚಾರ್ಟಿನಲ್ಲಿ ಅಪ್ಪನ ಕಡೆಯವರನ್ನೇ ಬಿಟ್ಟಳು! ಆಮೇಲೆ ನಾನು ಎಷ್ಟು ತಮಾಷೆ ಮಾಡಿದ್ದೇನೆ…

ರಕ್ತಪರೀಕ್ಷೆಯಲ್ಲಿ ಜೀನಿನ ದೋಷ ಸಿಕ್ಕಿತು. ಅಮ್ಮನ ರಕ್ತದಲ್ಲಿ ಅದು ಇರಲಿಲ್ಲ. ಹಾಗಾದರೆ ಅಪ್ಪನಿಂದ.
ಅಪ್ಪ ತೀರಿಹೋಗಿ ವರ್ಷಗಳಾಗಿತ್ತು, ಅವರ ಕಡೆಯ ಹಿರಿಯರೊಬ್ಬರನ್ನು ವಿಚಾರಿಸಿದಾಗ ಹೊರಗೆ ಬಂತು. ಬೆಳ್ತಂಗಡಿ ಕಡೆಯ ಅಪ್ಪನ ಮನೆಯಲ್ಲಿ ಅವಳ ಇಬ್ಬರು ಸೋದರತ್ತೆಯರಿಗೂ ಇದೇ ಕಾಯಿಲೆಯಂತೆ. ದೊಡ್ಡವರು ಆಪರೇಷನ್ ಆದ ಮೇಲೆ ಹದಿನಾಲ್ಕು ವರ್ಷ ಬದುಕಿದರು. ಚಿಕ್ಕವರು ಅದೇ ಆಪರೇಷನ್ ಆಗಿಯೂ ವರ್ಷ ತುಂಬುವ ಮೊದಲೇ ಹೋದರು.

ಅಕ್ಕ ತಂಗಿ. ಒಂದೇ ರೋಗ. ಯಾಕೆ ಹೀಗೆ?
ಡಾಕ್ಟರ್ ಹೇಳಿದರು, ಕಾರಣ ಹಲವು ಇರಬಹುದು. ರೋಗ ತರುವ ಜೀನು ಒಂದು, ಬಂದ ರೋಗವನ್ನು ಎದುರಿಸುವ ಪ್ರತಿರೋಧ ಶಕ್ತಿಯ ಜೀನುಗಳು ಬೇರೆ. ಅವೂ ಹುಟ್ಟಿನಿಂದಲೇ ಬರುತ್ತವೆ, ಅಕ್ಕನಿಗೆ ಸಿಕ್ಕಿದ್ದು ತಂಗಿಗೆ ಸಿಗಬೇಕೆಂದಿಲ್ಲ. ಯಾರು ಎಷ್ಟು ಬದುಕುತ್ತಾರೆ ಎಂಬುದರಲ್ಲಿ ಅವುಗಳ ಪಾತ್ರ ಎಷ್ಟು ಎಂದು ಇನ್ನೂ ಹುಡುಕುತ್ತಿದ್ದಾರೆ, ಖಚಿತವಾಗಿ ಹೇಳುವ ಹಾಗಿಲ್ಲ.
ಇವಳು ಆವತ್ತೇ ರಿಸರ್ಚಿಗೆ ರಕ್ತ ಕೊಟ್ಟು ಬಂದಳು. "ನನಗೆ ಉಪಯೋಗ ಇಲ್ಲ, ಗೊತ್ತುಂಟು. ಆದ್ರೂ ಉತ್ತರ ಬೇಕಲ್ಲ?"

ಅದಕ್ಕಿಂತ ದೊಡ್ಡ ಚಿಂತೆ ಚಿಕ್ಕ ಅತ್ತೆಯ ಮಗಳದ್ದು. ಆ ದೋಷ ಅವರಿಗೂ ಬಂದಿರಬಹುದು. ಅವರಿಗೆ ಗೊತ್ತೇ ಇಲ್ಲ.
ಫೋನ್ ಮಾಡಿದಳು. "ನಾನು ನಿಮ್ಮ ಮಾವನ ಮಗಳು" ಎನ್ನುವಷ್ಟರಲ್ಲಿ…
"ಇಷ್ಟು ವರ್ಷ ಇಲ್ಲದ್ದು ಈಗ ಎಂತ? ಜಾಗದ ವಿಷಯ ಆದ್ರೆ ವಕೀಲರ ಹತ್ರ ಮಾತಾಡಿ."
ಅಪ್ಪನ ಪಾಲು ಕೇಳಲಿಕ್ಕೆ ಅಂದುಕೊಂಡರು. ಬ್ಲಾಕ್!

ಕೀಮೋ ನಡುವೆಯೇ ಇಬ್ಬರೂ ಅವರ ಮನೆಗೇ ಹೋದೆವು. ಗೇಟು ತೆರೆಯಲಿಲ್ಲ. ಬಿಸಿಲಿನಲ್ಲಿ ಅರ್ಧ ಗಂಟೆ ನಿಂತೆವು. ನನಗೆ ಸಿಟ್ಟು ನೆತ್ತಿಗೇರಿತ್ತು.
"ಬಿಡು ಮಾರಾಯ್ತಿ, ಅವರ ಹಣೆಬರಹ" ಎಂದೆ.

ವಾರಿಜ…
ಆ ಮಾತು ನಾನು ಹೇಳಬಾರದಿತ್ತು.
ನೀನು ವಿಷಯವನ್ನೆಲ್ಲ ಚೀಟಿಯಲ್ಲಿ ಬರೆದು ಗೇಟಿಗೆ ಸಿಕ್ಕಿಸಿ ಬಂದೆ.
ಕೊನೆಗೆ ಗುಟುಕು ನೀರು ಇಳಿಯದಾಗಲೂ ಕೇಳುತ್ತಿದ್ದೆ, "ಅವರು ಎಂತ ಹೇಳಿದ್ರು?"
"ಆಸ್ಪತ್ರೆಯಲ್ಲಿ ನೋಡಿಸ್ತಾರಂತೆ" ಎಂದೆ. ಸುಳ್ಳು ಹೇಳಿದೆ ನಿನಗೆ…

ಇವತ್ತು ಮಧ್ಯಾಹ್ನ, ಬಂಟ್ವಾಳದ ನಿನ್ನ ತಾಯಿಮನೆಯಲ್ಲಿ ನಿನ್ನನ್ನು ಮಲಗಿಸಿದ್ದರು. ನೋಡಲಾಗಲಿಲ್ಲ. ಹೊರಗೆ ಬಂದು ನನ್ನ ನಂಬರಿನಿಂದ ನಿನ್ನ ಅತ್ತೆಯ ಮಗಳಿಗೆ ಫೋನ್ ಮಾಡಿದೆ.
"ನಾನು ವಾರಿಜನ ಶಾಲೆಯ ಟೀಚರ್. ಜಾಗ ಕೇಳಲಿಕ್ಕೆ ಯಾರೂ ಬಂದದ್ದಲ್ಲ. ನಿಮ್ಮ ಮಾವನ ಮಗಳು ತೀರಿಹೋದಳು. ನಿಮ್ಮ ಅಮ್ಮನಿಗೆ ಬಂದ ಕಾಯಿಲೆಯೇ."

ಈ ಸಲ ಕಟ್ ಮಾಡಲಿಲ್ಲ.
ಮೆಲ್ಲಗೆ ಹೇಳಿದರು…
"ಟೀಚರ್, ಎರಡು ತಿಂಗಳಿಂದ ನನ್ನ ಹೊಟ್ಟೆ ಉಬ್ಬರಿಸ್ತಾ ಉಂಟು. ಗ್ಯಾಸ್ ಅಂತ ಮಾತ್ರೆ ತಿಂತಾ ಇದ್ದೇನೆ. ಆ ಚೀಟಿ ಓದಿದ್ದೆ… ಹೆದರಿಕೆ ಆಯ್ತು. ಯಾರಿಗೂ ಹೇಳಲಿಲ್ಲ."

ನಾಳೆಯ ಬಸ್ಸಿನ ಹೊತ್ತು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.
"ಗ್ಯಾಸೇ ಆಗಿದ್ರೆ ಒಳ್ಳೆಯದು. ನೋಡಿಸುವ. ನಾಳೆ ಎಂಟಕ್ಕೆ ಬಿ.ಸಿ.ರೋಡ್ ಬಸ್‌ಸ್ಟ್ಯಾಂಡಿಗೆ ಬನ್ನಿ, ಒಟ್ಟಿಗೆ ಮಂಗಳೂರಿಗೆ ಹೋಗುವ."
"ಬರ್ತೇನೆ… ಹೆಸರು ಹಾಕದೆ ಇದನ್ನು ಬರೆಯಿರಿ ಟೀಚರ್. ನನ್ನ ಹಾಗೆ ಕೂತವರು ಬೇರೆಯೂ ಇರಬಹುದು."

ಅದಕ್ಕೇ ಬರೆದೆ. ಫ್ರೆಂಡ್ಸ್, ಅಪ್ಪನ ಕಡೆಯೂ ಒಮ್ಮೆ ವಿಚಾರಿಸಿ. ಪ್ಲೀಸ್.

ಈಗ ಮೂರು ಗಂಟೆ. ನಾಲ್ಕಕ್ಕೆ ನಿನ್ನನ್ನು ಕೊಂಡುಹೋಗುತ್ತಾರೆ.
ನಾಳೆ ಹತ್ತಕ್ಕೆ ಶಾಲೆಯಲ್ಲಿ ನಿನ್ನ ಸಂತಾಪ ಸಭೆ. ಮೊದಲು ಮಾತಾಡಬೇಕಾದವಳು ನಾನು. ಬರುವುದಿಲ್ಲ, ಹೆಡ್‌ಮಾಸ್ಟರಿಗೆ ಹೇಳಿದ್ದೇನೆ. ಆ ಹೊತ್ತಿಗೆ ನಾನು ಆಸ್ಪತ್ರೆಯ ಓಪಿಡಿಯಲ್ಲಿ ನಿನ್ನ ಅತ್ತೆಯ ಮಗಳ ಪಕ್ಕದಲ್ಲಿ ಕೂತಿರುತ್ತೇನೆ.

ಹೋಗಿ ಬಾ ವಾರಿಜ…
ನಿನ್ನ ಜೀವ ಇನ್ನಾದರೂ ತಣ್ಣಗಿರಲಿ.
ಅವರ ಕೈ ನಾನು ಹಿಡಿದುಕೊಳ್ಳುತ್ತೇನೆ. 🙏