ಉಣ್ಣದೆ ಹೋದವಳ ಊರಿಗೆ

ಬೆಳಗ್ಗೆ ಆರೂವರೆಗೆ ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತಿದಾಗ ನನ್ನ ಹೊಟ್ಟೆಯಲ್ಲಿದ್ದದ್ದು ಒಂದು ಲೋಟ ನೀರು ಮತ್ತು ಆರು ವರ್ಷದ ಸಿಟ್ಟು. ತಪಸ್ಸು ಕಾಲದ ಮೂರನೆಯ ಶುಕ್ರವಾರ. ಈಸ್ಟರ್ ಹಬ್ಬದವರೆಗೆ ನಾನು ಮಾಂಸ ಮುಟ್ಟುವುದಿಲ್ಲ, ಶುಕ್ರವಾರ ಒಪ್ಪತ್ತು. ಚರ್ಚಿನಲ್ಲಿ ಪಾಪನಿವೇದನೆ ಮಾಡುವಾಗ ಇದನ್ನು ತುಸು ಜಂಬದಿಂದಲೇ ಹೇಳಿದ್ದೆ. "ಮಾಂಸ ಬಿಟ್ಟದ್ದಾಯಿತು, ಸಿಟ್ಟು ಯಾವಾಗ ಬಿಡ್ತೀರಿ?" ಎಂದು ಗುರುಗಳು ಕೇಳಿದ್ದರು.

ಸಿಟ್ಟು ಪುಟ್ಟತಾಯಮ್ಮನ ಮೇಲೆ. ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಾಕೆ. ಹನ್ನೊಂದು ವರ್ಷ ಆಕೆಯ ಕೈಯಡುಗೆ ಉಂಡಿದ್ದೆ. ನನ್ನ ಮಗಳ ಮದುವೆಗೆ ಬಂದವಳು ಮುಯ್ಯಿ ಕೊಟ್ಟು, ನೀರನ್ನೂ ಮುಟ್ಟದೆ ಹೊರಟುಹೋದಳು. ಕ್ರೈಸ್ತರ ಊಟವೆಂದು ಮೂಗು ಮುರಿದಳು ಎಂದುಕೊಂಡೆ. ಅದೇ ತಿಂಗಳು ಆಕೆಯ ಗಂಡ ತೀರಿಕೊಂಡ. ಆಕೆ ತನ್ನೂರು ಬಿಂಡಿಗನವಿಲೆಗೆ ಹೊರಟಾಗಲೂ ನಾನು ಹೋಗಿ ಮಾತಾಡಿಸಲಿಲ್ಲ.

ಆಕೆಯ ಊರಿಗೆ ನಾಗಮಂಗಲದ ಮೇಲೆ ಹೋಗಬೇಕು; ಪಾಂಡವಪುರದಲ್ಲಿ ನಾಗಮಂಗಲದ ನೇರ ಬಸ್ಸು ನಿಂತಿತ್ತು. ನಾನು ಕೆ.ಆರ್. ಪೇಟೆಯ ಬಸ್ಸು ಹತ್ತಿದೆ. ಹೆಂಗಸರಿಗೆ ಹೇಗೂ ಪುಕ್ಕಟೆ, ಸುತ್ತಿ ಹೋದರೇನಂತೆ ಎಂದು ನೆಪ ಹೇಳಿಕೊಂಡೆ. ನಿಜವಾಗಿ ಧೈರ್ಯ ಸಾಲದಾಗಿತ್ತು. ಕಬ್ಬಿನ ಟ್ರಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಪೇಟೆಯಲ್ಲಿ ಇಳಿದಾಗ ಬಿಸಿಲೇರಿತ್ತು. ಮನೆಗೆ ಮರಳುವ ಬಸ್ಸು ಎದುರಿಗೇ ಇತ್ತು, ಅದರತ್ತ ನೋಡುತ್ತ ನಿಂತೆ.

ನಾಗಮಂಗಲದ ಬಸ್ಸಿನ ಕಂಡಕ್ಟರು, "ಅತ್ತಂಗಿದ್ರೆ ಅತ್ತಮ್ಮ, ಬಾಗ್ಲಲ್ಲಿ ನಿಂತ್ಕಬ್ಯಾಡ" ಎಂದ. ಹತ್ತಿದೆ.

ನಾಗಮಂಗಲದಲ್ಲಿ ಬಸ್ಸು ಬದಲಿಸಿ ಬಿಂಡಿಗನವಿಲೆಯಲ್ಲಿ ಇಳಿದಾಗ ಹನ್ನೆರಡು ದಾಟಿತ್ತು. ಹಿಂದಿನ ದಿನ ಫೋನ್ ಮಾಡಿದ್ದರಿಂದ ಪುಟ್ಟತಾಯಮ್ಮ ಬಾಗಿಲಲ್ಲೇ ಕಾದಿದ್ದಳು. ತಲೆ ಪೂರ್ತಿ ನರೆತಿತ್ತು. ಕಾಲಿಗೆ ನೀರು ಕೊಟ್ಟು, ಕೂರಿಸಿ, ತಟ್ಟೆಗೆ ಬಿಸಿ ಮುದ್ದೆ ಇಟ್ಟಳು. ಸೌಟಿನಲ್ಲಿ ನಾಟಿ ಕೋಳಿ ಸಾರು.

"ನಾನು ಇದನ್ನ ಉಣ್ಣಲ್ಲ ಪುಟ್ಟತಾಯಮ್ಮ," ಎಂದುಬಿಟ್ಟೆ.

ಸೌಟು ಅಲ್ಲೇ ನಿಂತಿತು. "ಇನ್ನೂವೆ ಮನಸ್ನಾಗೆ ಮಡೀಕಂಡಿದ್ದೀರಾ ಟೀಚರ್?"

"ಇಲ್ಲ, ಹಬ್ಬದವರೆಗೆ ಮಾಂಸ ಬಿಟ್ಟಿದ್ದೀನಿ. ವ್ರತ," ಎಂದು ತೊದಲಿದೆ.

ಆಕೆ ನನ್ನ ಮುಖವನ್ನೇ ನೋಡಿದಳು. "ಅವತ್ತು ನಂದೂ ಅಂಗೇಯ. ನಮ್ಮ ಯಜಮಾನ್ರು ಆಸ್ಪತ್ರೇಲಿದ್ರು. ಅವರು ಎದ್ದು ಕೂರೋಗಂಟ ಅಗಲೊತ್ತು ಒಂದು ತೊಟ್ಟು ನೀರೂ ಮುಟ್ಟಕಿಲ್ಲ ಅಂತ ಮೇಲುಕೋಟೆ ದೇವ್ರಿಗೆ ಅರಕೆ ಕಟ್ಕಂಡಿದ್ದೆ. ಮದ್ವೆ ಮನೇಲಿ ಕಾಯ್ಲೆ ಮಾತು ಯಾಕೆ ಅಂತ ಸುಮ್ಕೆ ಬಂದ್ಬುಟ್ಟೆ. ನೀವು ಒಂದ್ಸಲ ಕೇಳಿದ್ರೆ ಯೋಳ್ತಿದ್ದೆ."

ಗೋಡೆಯ ಮೇಲೆ ಯಜಮಾನರ ಫೋಟೊ ಇತ್ತು. ಆಕೆಯನ್ನು ಕ್ಷಮಿಸಲೆಂದು ನಾನು ನಾಲ್ಕು ಬಸ್ಸು ಹತ್ತಿ ಬಂದಿದ್ದೆ. ತಲೆ ಎತ್ತಲಾಗಲಿಲ್ಲ. "ತಪ್ಪು ನಂದು," ಎಂದೆ, ಅಳು ತಡೆಯಲಾಗಲಿಲ್ಲ.

"ತಟ್ಟೆ ಮುಂದೆ ಅಳಬಾರ್ದು ಬುಡಿ," ಎಂದು ಆಕೆ ಮೊಸರು, ಉಪ್ಪಿನಕಾಯಿ ತಂದಳು. ತಾನೂ ಮುದ್ದೆಗೆ ಅದನ್ನೇ ಹಾಕಿಕೊಂಡಳು. ಕೋಳಿ ಸಾರು ಒಲೆಯ ಮೇಲೇ ಉಳಿಯಿತು.

ಮೂರೂವರೆಯ ಬಸ್ಸಿಗೆ ನನ್ನನ್ನು ಹತ್ತಿಸಲು ಬಂದಳು. ನಿಲ್ದಾಣದ ಕಟ್ಟೆಯ ಮೇಲೆ ಕೂತಾಗ, "ಯಜಮಾನರಿಗೆ ಏನಾಗಿತ್ತು?" ಎಂದು ಕೇಳಿದೆ. ಆರು ವರ್ಷದ ಹಿಂದೆ ಕೇಳಬೇಕಾಗಿದ್ದ ಮಾತು.

ಆಕೆ ಮೊದಲಿನಿಂದ ಹೇಳತೊಡಗಿದಳು. ಬಸ್ಸು ಬಂತು, ನಿಂತಿತು, ಹೋಯಿತು. ನಾನು ಏಳಲಿಲ್ಲ.