ಹಗೇವಿನಲ್ಲಿ ಆರದ ಬೆಳಕು

ಪ್ರಯೋಗಾಲಯದ ಕಂಪ್ಯೂಟರಿನಲ್ಲಿ ಆ ಪ್ರೋಟೀನನ್ನು ತಿರುಗಿಸಿ ನೋಡುವಾಗಲೆಲ್ಲ ನನಗೆ ಚಿಕ್ಕಪ್ಪನ ಮುಷ್ಟಿ ಕಾಣುತ್ತದೆ.

ಬೀಜಗಳೊಳಗೆ ಇರುವ ಪುಟ್ಟ ಪ್ರೋಟೀನು ಅದು. ಒಂದು ಸುರುಳಿ, ಪಕ್ಕದಲ್ಲಿ ಮೂರು ಪಟ್ಟಿ, ಎಲ್ಲವನ್ನೂ ಬಿಗಿದು ಹಿಡಿದ ನಾಲ್ಕು ಗಂಧಕದ ಹೊಲಿಗೆ. ಕುದಿಸಿದರೂ ಸುಲಭಕ್ಕೆ ಬಿಚ್ಚಿಕೊಳ್ಳದು. ಬೂಷ್ಟು ಹತ್ತಿರ ಬಂದರೆ ಅದರ ಪೊರೆಗೆ ಅಂಟಿಕೊಂಡು ತೂತು ಮಾಡುತ್ತದೆ. ಹಳೆಯ ರಾಗಿಯಲ್ಲೂ ಅದು ಉಳಿದಿರುತ್ತದೆಯೇ ಎಂದು ನೋಡಬೇಕಿತ್ತು. ಅದಕ್ಕೇ ಶಾಗ್ಯ ಎಂಬ ಹಳ್ಳಿಯಲ್ಲಿರುವ ಚಿಕ್ಕಪ್ಪನ ಮನೆಗೆ ಹೋದೆ. ಅವರ ಹಿತ್ತಲಲ್ಲಿ ಒಂದು ಹಗೇವಿತ್ತು. ರಾಗಿ ತುಂಬಿಡುವ ನೆಲದೊಳಗಿನ ಗುಂಡಿ. ಬಾಯಿ ಕಿರಿದು, ಹೊಟ್ಟೆ ಅಗಲ. ವರ್ಷಗಳಿಂದ ತೆರೆದಿರಲಿಲ್ಲ.

ಚಪ್ಪಡಿ ಸರಿಸಿದಾಗ ಕೆಟ್ಟ ವಾಸನೆ ಬರಲಿಲ್ಲ. ಯಾವ ವಾಸನೆಯೂ ಬರಲಿಲ್ಲ.

"ನಾಳೆಗಂಟ ಬಾಯ್ ತಗ್ದಿಡಿ. ಆಮೇಲ್ ದೀಪ ಬುಟ್ಟು ನೋಡಿ," ಎಂದರು ಚಿಕ್ಕವ್ವ.

"ದೀಪ ಯಾಕಮ್ಮಿ, ಮೊಬೈಲ್ ಇಲ್ವಾ? ಇವ್ನು ಬಸ್ಗೆ ಓಗ್ಬೇಕು," ಎಂದು ನಕ್ಕ ಚಿಕ್ಕಪ್ಪ, ಟಾರ್ಚ್ ಹಾಕಿದ ಮೊಬೈಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ತಳದಲ್ಲಿ ಅದು ಬೆಳ್ಳಗೆ ಉರಿಯಿತು. ಸುತ್ತ ರಾಗಿ, ಒಂದು ಚೂರೂ ಬೂಷ್ಟಿಲ್ಲದೆ. "ನೋಡ್ಲಾ, ಓದ ವಾರ ತುಂಬ್ದಂಗದೆ!" ಎಂದವರೇ ಸೊಂಟಕ್ಕೆ ಇನ್ನೊಂದು ಹಗ್ಗ ಬಿಗಿದುಕೊಂಡು ಇಳಿದರು.

ಬಗ್ಗಿ ಒಂದು ಹಿಡಿ ರಾಗಿ ತೆಗೆದುಕೊಂಡರು. ಏಳಲಿಲ್ಲ. ನಿದ್ದೆ ಬಂದವರ ಹಾಗೆ ಮೆಲ್ಲಗೆ ಪಕ್ಕಕ್ಕೆ ವಾಲಿದರು. ಸದ್ದೇ ಇಲ್ಲ. ಬೆಳಕು ಮಾತ್ರ ಅವರ ತೆರೆದ ಕಣ್ಣಿನ ಮೇಲೆ ಉರಿಯುತ್ತಲೇ ಇತ್ತು. ಎಣ್ಣೆ ದೀಪವಾಗಿದ್ದರೆ ಇಳಿಯುವಾಗಲೇ ಆರಿಹೋಗುತ್ತಿತ್ತು. ಮೊಬೈಲಿಗೆ ಉಸಿರು ಬೇಡ. ಮುಚ್ಚಿದ ಗುಂಡಿಯಲ್ಲಿ ಕಾಳು ತಾನೇ ಉಸಿರಾಡುತ್ತಾ ಒಳಗಿನ ಆಮ್ಲಜನಕವನ್ನೆಲ್ಲ ಮುಗಿಸಿತ್ತು.

ನಾನು ಗುಂಡಿಗೆ ಕಾಲು ಇಳಿಬಿಟ್ಟಿದ್ದೆ. ಚಿಕ್ಕವ್ವ ಅಂಗಿ ಹಿಡಿದು ಹಿಂದಕ್ಕೆ ಜಗ್ಗಿದರು.

"ನೀನೂ ಸಾಯ್ತೀಯೇನ್ಲಾ? ಅಗ್ಗ ಎಳಿ!"

ಎಳೆದೆವು. ಕಿರಿದಾದ ಬಾಯಲ್ಲಿ ಭುಜ ಸಿಕ್ಕಿಕೊಂಡಿತು. ನನಗೆ ದಿನವೂ ಮರುಕಳಿಸುವುದು ಆ ಕ್ಷಣವೇ: ಕೆಳಗಿನಿಂದ ಬೆಳಕು, ಮೇಲೆ ಅವರ ನೀಲಿ ತುಟಿ. ಮತ್ತೆ ಎಳೆದೆವು. ಹಿತ್ತಲ ಮಣ್ಣಿನ ಮೇಲೆ ಮಲಗಿಸಿದ ಎಷ್ಟೋ ಹೊತ್ತಿಗೆ ಅವರಿಗೆ ಒಂದು ಕೆಮ್ಮು ಬಂತು. ಬಲಗೈ ಮುಷ್ಟಿ ಸೆಟೆದುಕೊಂಡಿತ್ತು. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ನರ್ಸ್ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಾಗ ರಾಗಿ ಉದುರಿತು.

ಆ ಕಾಳನ್ನೇ ಅರೆದು ನೋಡಿದೆ. ಪ್ರೋಟೀನು ಗಟ್ಟಿಯಾಗಿಯೇ ಇತ್ತು.

"ಹೊಲಿಗೆ ಒಂದೂ ಬಿಟ್ಟಿಲ್ಲ ಚಿಕ್ಕಪ್ಪ," ಎಂದು ಮೊನ್ನೆ ಫೋನಿನಲ್ಲಿ ಹೇಳಿದೆ.

"ಇನ್ನೊಂದ್ ಇಡಿ ರಾಗಿ ಬೇಕೇನ್ಲಾ?" ಎಂದು ನಕ್ಕರು. ನನಗೆ ನಗಲಾಗಲಿಲ್ಲ.

ಹಿಂದಿನಿಂದ ಚಿಕ್ಕವ್ವನ ದನಿ ಕೇಳಿಸಿತು: "ಗುಂಡಿಗೆ ಮಣ್ ತುಂಬ್ಸಾಯ್ತು ಅಂತ ಯೋಳಿ ಅವ್ನ್ಗೆ."