ಹಿಟ್ಟಿನ ಹುಳದ ಮೇಲೆ ಇಂದ್ರವ್ವನ ಸಿಟ್ಟು

ಶಿರೂರಿನ ಇಂದ್ರವ್ವನಿಗೆ ಸುಮ್ಮನೆ ಕೂರುವುದೊಂದು ಬಿಟ್ಟು ಉಳಿದ ಕೆಲಸವೆಲ್ಲ ಬರುತ್ತಿತ್ತು. ಹುಟ್ಟಿದ್ದು ಕೆರೂರಿನಲ್ಲಿ. ತವರಿನಲ್ಲಿ ಅವಳು ಜೋಳ ಹಸನು ಮಾಡಲು ಕೂತರೆ ಮೊರದಲ್ಲಿ ಒಂದು ಹರಳೂ ಉಳಿಯುತ್ತಿರಲಿಲ್ಲ. ಎಪ್ಪತ್ತೊಂದನೆಯ ಇಸವಿಯಲ್ಲಿ ಕಾಶಪ್ಪನ ಕೈಹಿಡಿದು ಶಿರೂರಿಗೆ ಬಂದವಳು, ಬಂದ ವಾರದೊಳಗೆ ಅತ್ತೆ ಶಿವಬಸವ್ವನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬೂದಿ ಹಚ್ಚಿ ತಿಕ್ಕಿಟ್ಟಳು. ಸೊಸೆ ತನ್ನ ಮರ್ಯಾದೆ ತೆಗೆದಳೆಂದು ಅತ್ತೆ ಎಷ್ಟೋ ದಿನ ಮುಖ ಊದಿಸಿಕೊಂಡಿದ್ದಳು. ಹೊಲಸು ಕಂಡರೆ ಕೈ ತಾನಾಗಿ ಮುಂದೆ ಹೋಗುತ್ತದೆ, ಅದಕ್ಕೆ ಯಾರೇನು ಮಾಡಬೇಕು!

ಎಂಬತ್ತರ ಸುಮಾರಿಗೆ ಕಾಶಪ್ಪ ಬಾವಿಯ ನೀರು ನಂಬಿ ದ್ರಾಕ್ಷಿ ಹಚ್ಚಿದ. ಕಲ್ಲುಕಂಬ ನೆಟ್ಟು, ತಂತಿ ಎಳೆದು, ಹಂದರ ಹಾಕಿದ. ಬಳ್ಳಿ ಹಂದರ ತುಂಬುವ ಹೊತ್ತಿಗೆ ಹಿಟ್ಟಿನ ಹುಳವೂ ಬಂತು. ನೋಡಲು ಗೊನೆಯ ಮೇಲೆ ಯಾರೋ ಹಿಟ್ಟು ಉದುರಿಸಿದಂತೆ. ಮುಟ್ಟಿದರೆ ಅಂಟಂಟು. ಆ ಅಂಟು ಬಿದ್ದಲ್ಲೆಲ್ಲ ಕಪ್ಪು ಹಿಡಿಯುತ್ತದೆ, ಅಂಥ ಹಣ್ಣನ್ನು ಪೇಟೆಯಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ. ಮದ್ದಿಗೆ ನಮ್ಮ ಕಡೆ ಎಣ್ಣೆ ಎನ್ನುತ್ತಾರೆ. ಕಾಶಪ್ಪ ಎಣ್ಣೆ ಹೊಡೆದ, ಹುಳ ಹೋಗಲಿಲ್ಲ. ಇನ್ನಷ್ಟು ಖಡಕ್ಕಾದದ್ದು ತಂದು ಹೊಡೆದ. ಹುಳವೇನೋ ತೊಗಟೆಯ ಸಂದಿನಲ್ಲಿ ಬೆಚ್ಚಗೆ ಕೂತಿತ್ತು, ಬಿದ್ದವನು ಕಾಶಪ್ಪ.

ಎಂಬತ್ಮೂರರ ಆ ದಿನವನ್ನು ಇಂದ್ರವ್ವ ಈಗಲೂ ಮರೆತಿಲ್ಲ. ಹಂದರದ ಕೆಳಗೆ ಬಾಯಲ್ಲಿ ನೊರೆ ಬಿಟ್ಟುಕೊಂಡು ಬಿದ್ದಿದ್ದ ಗಂಡನನ್ನು ಬಂಡಿಯಲ್ಲಿ ಹಾಕಿ ಬಾಗಲಕೋಟೆಯ ದವಾಖಾನೆಗೆ ಒಯ್ದಿದ್ದಳು. ಬದುಕಿ ಬಂದ. ಕಳಿಸುವಾಗ ಡಾಕ್ಟರು ಅವಳನ್ನೇ ಕರೆದು, "ಇನ್ನೊಮ್ಮೆ ಎಣ್ಣಿ ಇವನ ಮೈಗೆ ಹತ್ತಿದ್ರ ನನ್ನ ಕಡೆ ತರಬ್ಯಾಡ್ರಿ, ಉಪಯೋಗಿಲ್ಲ" ಎಂದಿದ್ದರು. ಈ ಮಾತು ಕಾಶಪ್ಪನ ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೊರಬಿತ್ತು. ಆಳಿನ ಕೈಲಿ ಹೊಡೆಸೋಣವೆಂದರೆ, ಆಳುಗಳು ಅರ್ಧ ಗೊನೆ ಬಿಡುತ್ತಾರೆ ಎನ್ನುತ್ತಿದ್ದ. ಇಂದ್ರವ್ವನಿಗೂ ಇನ್ನೊಬ್ಬಳ ಗಂಡನನ್ನು ಆ ಹೊಗೆಯಲ್ಲಿ ನಿಲ್ಲಿಸಲು ಮನಸ್ಸಿರಲಿಲ್ಲ.

ಹೀಗಿರುವಾಗ ಬಾಗಲಕೋಟೆಯಿಂದ ತೋಟಗಳನ್ನು ನೋಡಲು ಬರುತ್ತಿದ್ದ ತೋಟಗಾರಿಕೆ ಇಲಾಖೆಯ ಸಾಹೇಬ ಮುರ್ತುಜಸಾಬ ಒಂದು ಡಬ್ಬಿ ತಂದ. ಒಳಗೆ ಜೋಳದ ಕಾಳಿನಷ್ಟು ದಪ್ಪದ, ಕಪ್ಪು ಬೆನ್ನಿನ, ಕೆಂಚು ತಲೆಯ ದುಂಡು ಹುಳಗಳು.

"ಇವು ಹಿಟ್ಟಿನ ಹುಳಾನ ತಿಂತಾವ್ರಿ ಅಕ್ಕಾರ. ಆದ್ರ ಎಣ್ಣಿ ಹೊಡದ್ರ ಇವೂ ಸಾಯ್ತಾವು. ಮತ್ತ ಇರಿವಿ ಬಳ್ಳಿ ಹತ್ತದಂಗ ನೋಡ್ಕೋರಿ. ಅಂಟಿನ ಆಸೆಕ್ಕ ಇರಿವಿ ಹಿಟ್ಟಿನ ಹುಳಾನ ಕಾಯ್ತಾವು, ಇವನ್ನ ಓಡಸ್ತಾವು."

ಕಾಶಪ್ಪ ನಕ್ಕ. "ಹುಳಕ್ಕ ಹುಳ ಬಿಡೂದೇನ್ರಿ? ಊರ ಮಂದಿ ನಗ್ತಾರ."

"ನಗಲಿ, ನಗಲಿ," ಎಂದಳು ಇಂದ್ರವ್ವ. "ಇದೊಂದು ವರ್ಷ ನನ್ನ ಮಾತ ಕೇಳ್ರಿ. ಹಣ್ಣು ಸ್ವಚ್ಛ ಬರಲಿಲ್ಲಂದ್ರ ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ."

ಮಾತೇನೋ ಕೊಟ್ಟಳು. ಈಗ ಇರುವೆಗಳ ಸರದಿ. ಸೋಮವಾರ ಬಂತೆಂದರೆ ಶಿವಬಸವ್ವ ತೋಟಕ್ಕೆ ಹೋಗಿ ಇರುವೆ ಗೂಡುಗಳಿಗೆ ಸಕ್ಕರೆ ಕಲಸಿದ ರವೆ ಹಾಕುತ್ತಿದ್ದಳು. ಅವಳ ಅತ್ತೆ ಹಾಕುತ್ತಿದ್ದಳು, ಇವಳೂ ಹಾಕುತ್ತಿದ್ದಳು. ಪುಣ್ಯದ ಕೆಲಸ. ಒಂದೊಂದು ಬಳ್ಳಿಯ ಬುಡದಲ್ಲೂ ಇರುವೆಗಳು ಹೊಟ್ಟೆ ತುಂಬ ಉಂಡು ಸಾಲುಗಟ್ಟಿ ಮೇಲೆ ಹತ್ತುತ್ತಿದ್ದವು.

"ಅತ್ತೀ, ತೋಟದಾಗ ಹಾಕಬ್ಯಾಡ್ರಿ. ಬೇಕಾದ್ರ ಬದುವಿನ ಆಚಿಕ ಹಾಕ್ರಿ."

"ಇರಿವಿಗೂ ಹೊಟ್ಟಿ ಇರ್ತೈತಿ, ತಂಗಿ. ಉಣ್ಣೂದನ್ನ ಬಿಡಿಸಿ ಯಾರ ಉದ್ಧಾರಾಗ್ಯಾರ?"

"ನಿಮ್ಮ ಮಗ ಉಳೀಬೇಕೋ, ಇರಿವಿ ಉಳೀಬೇಕೋ?"

ಅನ್ನಬಾರದಿತ್ತು, ಅಂದುಬಿಟ್ಟಳು. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಮುಂದಿನ ಸೋಮವಾರದಿಂದ ರವೆ ಬದುವಿನ ಆಚೆ ಬೀಳತೊಡಗಿತು, ಸೊಸೆಯೊಡನೆ ಮಾತು ನಿಂತಿತು. ಇಂದ್ರವ್ವ ಹಳೆಯ ಸೀರೆ ಹರಿದು ಪಟ್ಟಿ ಮಾಡಿ, ಬಂಡಿಯ ಕೀಲೆಣ್ಣೆ ಬಳಿದು, ಬಳ್ಳಿಗೊಂದು, ಕಂಬಕ್ಕೊಂದು ಕಟ್ಟಿದಳು. ಇರುವೆ ಪಟ್ಟಿಯವರೆಗೆ ಬಂದು ಹಿಂದಿರುಗತೊಡಗಿತು. ಡಬ್ಬಿಯ ಹುಳ ಬಿಟ್ಟಳು. ಬಿಟ್ಟ ಮೇಲೆ ಮಾಡುವುದೇನೂ ಇರಲಿಲ್ಲ, ಕಾಯುವುದೊಂದೇ. ಅದೇ ಅವಳಿಗೆ ಬಾರದ ಕೆಲಸ.

ಕೆಲವು ವಾರಗಳ ಮೇಲೆ ನೋಡುತ್ತಾಳೆ, ಗೊನೆಗಳಲ್ಲಿ ಹಿಟ್ಟಿನ ಹುಳ ಇದ್ದೇ ಇದೆ. ಅಷ್ಟೇ ಅಲ್ಲ, ಅವುಗಳ ನಡುವೆ ಅದೇ ಬಿಳಿ ಬಣ್ಣದ, ಮೈತುಂಬ ಹಿಟ್ಟಿನ ಎಳೆ ಜೋತ ದೊಡ್ಡ ದೊಡ್ಡ ಹುಳಗಳು ಓಡಾಡುತ್ತಿವೆ. ಇವು ತಾಯಿಹುಳಗಳೇ ಇರಬೇಕು ಎಂದುಕೊಂಡಳು. ತಾಯಿಯನ್ನೇ ಕೊಂದರೆ ಮರಿ ಎಲ್ಲಿಂದ ಬರಬೇಕು! ಅಂದಿನಿಂದ ದಿನಾ ಬೆಳಿಗ್ಗೆ ಸಾಲುಸಾಲಾಗಿ ನಡೆದು, ಆ ದೊಡ್ಡ ಹುಳಗಳನ್ನು ಹುಡುಕಿ ಹೆಬ್ಬೆರಳಿನಿಂದ ಹಿಸುಕಿದಳು. ಮೊರದ ಹರಳು ಆರಿಸಿದ ಕಣ್ಣು ಅದು, ಒಂದನ್ನೂ ಬಿಡಲಿಲ್ಲ. ಕತ್ತು ನೋಯುತ್ತಿತ್ತು, ಮನಸ್ಸು ಹಗುರಾಗುತ್ತಿತ್ತು. ಗಂಡನ ಜೀವಕ್ಕಾಗಿ ತಾನೂ ಏನೋ ಮಾಡುತ್ತಿದ್ದೇನೆಂಬ ಸಮಾಧಾನ.

ಫೆಬ್ರುವರಿಯಲ್ಲಿ ಮುರ್ತುಜಸಾಬ ಬಂದ. ಹಂದರದ ಕೆಳಗೆ ಅಡ್ಡಾಡಿ, ಗೊನೆ ಎತ್ತೆತ್ತಿ ನೋಡಿ, ಹುಬ್ಬು ಗಂಟಿಕ್ಕಿದ. "ಮರಿ ಒಂದೂ ಕಾಣವಲ್ವಲ್ರಿ ಅಕ್ಕಾರ! ಇಷ್ಟೊತ್ತಿಗೆ ತುಂಬಿರಬೇಕಿತ್ತು. ಹಿಟ್ಟಿನ ಹುಳಾನ ಹೆಚ್ಚು ತಿನ್ನೂದು ಅವ."

"ಎಂಥಾ ಮರಿ ರಿ?"

"ನಾ ಕೊಟ್ಟ ಹುಳದ್ದು. ಬೆಳ್ಳಗ, ಮೈಮ್ಯಾಲೆ ಎಳಿಎಳಿ ಇರ್ತಾವಲ್ಲ. ನೋಡಾಕ ಹಿಟ್ಟಿನ ಹುಳದಂಗ, ಆದ್ರ ದೊಡ್ಡವು."

ಇಂದ್ರವ್ವ ತನ್ನ ಹೆಬ್ಬೆರಳನ್ನು ನೋಡಿಕೊಂಡಳು.

"ಡಬ್ಬಿ ಕೊಡೂ ದಿನ ಇದನ್ನ ಹೇಳಾಕ ನಿಮ್ಮ ಬಾಯಿಗೆ ಬೀಗ ಬಿದ್ದಿತ್ತೇನ್ರಿ ಸಾಹೇಬ್ರ?" ಎಂದು ಕೂಗಿದಳು. "ಎಲ್ಲಾ ನನ್ನ ಕೈಯಾರ ಕೊಂದೀನಲ್ರೀ! ದಿನಾ ಬಂದು ಬಂದು ಕೊಂದೀನಿ!"

ಬೇರೆ ಡಬ್ಬಿ ತರಿಸಬಹುದು, ಬರುವಷ್ಟರಲ್ಲಿ ಹಣ್ಣಿನ ಕಾಲ ಮುಗಿದಿರುತ್ತದೆ ಎಂದು ಅವನು ಗೊಣಗಿ, ಮುಖ ಸಣ್ಣದು ಮಾಡಿಕೊಂಡು ಹೋದ. ಅವನ ಮೇಲಿನ ಸಿಟ್ಟು ಸಾಲದೆ ಇಂದ್ರವ್ವ ತನ್ನ ಮೇಲೂ ಸಿಟ್ಟಾದಳು. ಊರಿಗೆಲ್ಲ ಇಲ್ಲದ ಚೊಕ್ಕತನ ತನಗೊಬ್ಬಳಿಗೇ ಯಾಕಿರಬೇಕಿತ್ತು? ಕೈಕಟ್ಟಿ ಕೂತಿದ್ದರೆ ಸಾಕಿತ್ತು.

ಕಾಶಪ್ಪ ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದಳು. "ಕೊಟ್ಟ ಮಾತಂದ್ರ ಮಾತ. ನಾಳಿ ಎಣ್ಣಿ ತರ್ತೇನಿ" ಎಂದಷ್ಟೇ ಹೇಳಿ ಉಣ್ಣಲು ಕೂತ.

ಮರುದಿನ ಅವನು ಬಾಗಲಕೋಟೆಯ ಬಸ್ಸು ಹತ್ತಿದ ಮೇಲೆ ಇಂದ್ರವ್ವ ಕತ್ತರಿ ತೆಗೆದುಕೊಂಡು ತೋಟಕ್ಕೆ ಹೋದಳು. ಗೊನೆಗಳನ್ನು ಒಂದೊಂದಾಗಿ ಕತ್ತರಿಸಿ ನೆಲಕ್ಕೆ ಕೆಡವತೊಡಗಿದಳು. ಹುಳ ಹತ್ತಿದ್ದು, ಹತ್ತದ್ದು ಎಂದು ಆರಿಸುತ್ತ ಕೂರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಶಿವಬಸವ್ವ ಬಂದು ನಿಂತಳು. ಸೊಸೆಯ ಮುಖ ನೋಡಿದಳು, ನೆಲದ ಮೇಲಿನ ರಾಶಿ ನೋಡಿದಳು. ಬುಟ್ಟಿ ತಂದು ಗೊನೆಗಳನ್ನು ತುಂಬಿ, ಗೊಬ್ಬರದ ಕುಣಿಗೆ ಹೊತ್ತು ಹಾಕತೊಡಗಿದಳು.

ಸಂಜೆ ಕಾಶಪ್ಪ ಎಣ್ಣೆಯ ಡಬ್ಬಿ ಹಿಡಿದು ನೇರ ತೋಟಕ್ಕೇ ಬಂದ.

"ತಲಿ ಕೆಟ್ಟೈತೇನ ನಿನಗ? ವರ್ಷದ ಬೆಳಿ ಅದು!"

"ಬೆಳಿ ಬರೂ ವರ್ಷ ಮತ್ತ ಬರ್ತೈತ್ರಿ," ಎಂದಳು ಇಂದ್ರವ್ವ. ಕಣ್ಣಲ್ಲಿ ನೀರಿತ್ತು, ಸಿಟ್ಟಿನದು. "ನಿಮ್ಮನ್ನ ಎಲ್ಲಿಂದ ತರ್ಲಿ?"

ಕಾಶಪ್ಪ ತಲೆಯೆತ್ತಿ ಹಂದರ ನೋಡಿದ. ಎಣ್ಣೆ ಹೊಡೆಯಲು ಅಲ್ಲಿ ಒಂದು ಗೊನೆಯೂ ಉಳಿದಿರಲಿಲ್ಲ.